ಎದೆಮಟ್ಟದ ಪೊಳ್ಳು

ಧಡ್!

ತಲೆಯ ಮೇಲೆ ಕಬ್ಬಿಣದ ಮುಚ್ಚಳ ಬಿತ್ತು. ಹಿಂದೆಯೇ ಬೀಗ ಹಾಕಿದ ಸದ್ದು.

ಟಾರ್ಚ್ ಮೇಲಕ್ಕೆ ಹಿಡಿದೆ. ಏಣಿ ಇಲ್ಲ! ಆಗಲೇ ಎಳೆದುಕೊಂಡಿದ್ದರು.

ನಾನೆಲ್ಲಿದ್ದೆ ಅಂತೀರಾ? ಸೇಲಂ ಕಡೆಯ ನಂಗವಳ್ಳಿ ಹತ್ತಿರ, ತಮಿಳು ನಾಡಿನೊಳಗೆ ಕನ್ನಡವಾಡುವ ಒಂದು ಹಳ್ಳಿ. ನೆಲದಿಂದ ನಲವತ್ತು ಅಡಿ ಮೇಲೆ, ಹೊಸ ಓವರ್‌ಹೆಡ್ ಟ್ಯಾಂಕ್‌ನ ಖಾಲಿ ಹೊಟ್ಟೆಯೊಳಗೆ. ಬೆಳಗಿನ ಹತ್ತೂವರೆ. ಹೊರಗೆ ಸುಡುಬಿಸಿಲು, ಒಳಗೆ ಕತ್ತಲು.

ಗಾಳಿ ಪೈಪಿನಿಂದ ಕಾಂಟ್ರಾಕ್ಟರ್ ಮುರುಗೇಶ್‌ನ ದನಿ ಇಳಿಯಿತು.

“ಸತ್ಯಾ ಮೇಡಂ, ರಿಪೋರ್ಟ್ ಇಳಿಸ್ತಾ ಇವ್ನಿ. ಟ್ಯಾಂಕ್ ಗಟ್ಟಿಯಾಗೈತೆ ಅಂತ ಒಂದು ಸೈನ್ ಹಾಕಿಬಿಡಿ. ಸೀಕ್ರಂ, ಬೇಗ!”

ದಾರಕ್ಕೆ ಕಟ್ಟಿದ ಪ್ಲಾಸ್ಟಿಕ್ ಕವರ್ ಇಳಿದು ಬಂತು. ಒಳಗೆ ಫಾರಂ, ಪೆನ್ನು.

“ಹಾಕದಿದ್ರೆ?”

“ನೀರು ತುಂಬಿಸಿ ಟೆಸ್ಟ್ ಮಾಡ್ಬೇಕು ಅಂದ್ರಲ್ಲಾ... ಈಗ್ಲೇ ತುಂಬಿಸ್ತೀನಿ!”

ಅವನ ಹೆಜ್ಜೆ ಸದ್ದು ಮೆಟ್ಟಿಲಿಳಿಯಿತು. ಸ್ವಲ್ಪ ಹೊತ್ತಿಗೆ ಕೆಳಗೆಲ್ಲೋ ಮೋಟಾರ್ ಗುರ್ ಎಂದಿತು. ಗೋಡೆಯ ಪೈಪಿನಿಂದ ನೀರು ಧುಮುಕಿತು. ಹೊರಗೆ ಹೋಗುವ ವಾಲ್ವ್ ಬಂದ್. ಓವರ್‌ಫ್ಲೋ ಪೈಪಿನ ಬಾಯಿಗೂ ಮುಚ್ಚಳ! ಮೊದಲೇ ಯೋಚಿಸಿಟ್ಟಿದ್ದ ಖದೀಮ.

ನನಗೆ ಈಜು ಬರುವುದಿಲ್ಲ. ಫೋನ್ ಬ್ಯಾಗಿನಲ್ಲಿತ್ತು, ಬ್ಯಾಗ್ ಮೇಲಿತ್ತು.

ನನ್ನ ಕೆಲಸ ಇಷ್ಟೇ... ಕಾಂಕ್ರೀಟಿಗೆ ಒಂದು ಗೀರೂ ಬೀಳದ ಹಾಗೆ ಅದರ ಒಳಗಿನ ರೋಗ ಹೇಳುವುದು. ಗೋಡೆಗೆ ಎರಡು ಪ್ರೋಬ್ ಇಡುತ್ತೇನೆ. ಒಂದರಿಂದ ಶಬ್ದ ಹೊರಡುತ್ತದೆ, ಇನ್ನೊಂದಕ್ಕೆ ತಲುಪುತ್ತದೆ. ಎಷ್ಟು ಮೈಕ್ರೊಸೆಕೆಂಡ್ ಹಿಡಿಯಿತೆಂದು ಮೀಟರ್ ತೋರಿಸುತ್ತದೆ. ಗಟ್ಟಿ ಇದ್ದರೆ ಬೇಗ ಬರುತ್ತದೆ. ಪೊಳ್ಳಿದ್ದರೆ ಸುತ್ತು ಹೊಡೆದು ತಡವಾಗಿ ಬರುತ್ತದೆ. ಮಿಕ್ಕದ್ದಕ್ಕೆ ಸುತ್ತಿಗೆ ಇದೆ, ಕಿವಿ ಇದೆ. ಸೇಲಂನ ಮಗ್ಗದ ಮನೆಯಲ್ಲಿ ಹುಟ್ಟಿದವಳು ನಾನು. ಎಳೆ ಕಡಿದರೆ ಮಗ್ಗದ ಸದ್ದಿನಿಂದಲೇ ಅಮ್ಮನಿಗೆ ಅಡುಗೆಮನೆಯಲ್ಲಿ ಗೊತ್ತಾಗುತ್ತಿತ್ತು.

ಈ ಟ್ಯಾಂಕಿನ ಗೋಡೆಗೆ ಒಳಗೂ ಹೊರಗೂ ಹೊಸ ಪ್ಲಾಸ್ಟರ್ ಬಳಿದಿದ್ದರು. ಏನೋ ಮುಚ್ಚಿದ್ದಾರೆ ಎಂದು ಗೊತ್ತಿತ್ತು. ಎಲ್ಲಿ ಅಂತ ಸಿಕ್ಕಿರಲಿಲ್ಲ.

ನೀರು ಮೊಣಕಾಲಿಗೆ ಬಂತು.

ತೊಡೆಗೆ ಬಂತು.

ಭಯವಾಯಿತು. ಸುಳ್ಳು ಹೇಳುವುದಿಲ್ಲ, ಪೆನ್ನಿನ ಕ್ಯಾಪ್ ತೆಗೆದಿದ್ದೆ. ಆಗ ಗಾಳಿ ಪೈಪಿನಿಂದ ಮಕ್ಕಳು ತಮಿಳಿನಲ್ಲಿ ಎಣಿಸುವ ದನಿ ಕೇಳಿತು. ಒಣ್ಣು... ರೆಂಡು... ಮೂಣು... ಟ್ಯಾಂಕಿನ ಬುಡದಲ್ಲೇ ಬಾಲವಾಡಿ! ನಾನು ಸೈನ್ ಹಾಕಿದರೆ ಈ ಟ್ಯಾಂಕ್ ದಿನವೂ ಕಂಠಮಟ್ಟ ತುಂಬುತ್ತದೆ. ಎಂದೋ ಒಂದು ದಿನ ಆ ಮಕ್ಕಳ ಮೇಲೆ ಕುಸಿಯುತ್ತದೆ.

ಪೆನ್ನಿಗೆ ಕ್ಯಾಪ್ ಹಾಕಿದೆ. ಕವರನ್ನು ಕಾಲರಿನೊಳಗೆ ಸಿಕ್ಕಿಸಿಕೊಂಡೆ.

ಮೇಲೆ ಯಾರೋ ಕೆಮ್ಮಿದರು. ಮೇಸ್ತ್ರಿ ನಂಜಪ್ಪ! ನನ್ನನ್ನು ಕಾಯಲು ಅವನನ್ನು ಕೂರಿಸಿ ಮುರುಗೇಶ್ ಮೋಟಾರ್ ಹತ್ತಿರ ಇಳಿದುಹೋಗಿದ್ದ.

“ನಂಜಣ್ಣಾ! ಬೀಗ ತೆಗಿ!”

“ಕೀ ಅವರತ್ರ ಐತೆ ತಾಯೀ... ಸೈನ್ ಆಕ್ಬುಡಿ. ಸುಮ್ನೆ ಎದರಿಸ್ತಾ ಅವ್ರೆ.”

“ಕೆಳಗೆ ಬಾಲವಾಡೀಲಿ ನಿಮ್ಮ ಮಗು ಯಾವುದಾದ್ರೂ ಐತಾ?”

“ಮೊಮ್ಮಗಳು ಅವ್ಳೆ... ರೋಜಾ.”

“ಹಂಗಾದ್ರೆ ನಿಜ ಹೇಳು. ಗೋಡೆಗೆ ಕಾಂಕ್ರೀಟ್ ಹಾಕಿದ ದಿನ ಬಿರಿಯಾನಿ ಎಷ್ಟೊತ್ತಿಗೆ ಬಂತು?”

ಹುಚ್ಚು ಪ್ರಶ್ನೆ ಅನ್ನಿಸಿತೇ? ನಮ್ಮ ಕಡೆ ಕಾಂಕ್ರೀಟ್ ದಿನ ಆಳುಗಳಿಗೆ ಬಿರಿಯಾನಿ ಹಾಕಲೇಬೇಕು. ಅದು ಬಂತೆಂದರೆ ಮಿಕ್ಸರ್ ನಿಂತಿತು! ಹಾಕಿದ ಕಾಂಕ್ರೀಟ್ ಬಿಸಿಲಿಗೆ ಸೆಟ್ ಆಗುತ್ತದೆ. ಆಮೇಲೆ ಅದರ ಮೇಲೆ ಸುರಿದದ್ದು ಅಂಟುವುದಿಲ್ಲ.

“ಅನ್ನೆರಡಕ್ಕೇ ಬಂತು. ಉಂಡು, ಮಲಗಿ... ಎದ್ದಾಗ ನಾಲ್ಕು.”

“ನಾಲ್ಕು ಗಂಟೆ! ಆಗ ಗೋಡೆ ಎಷ್ಟು ಎತ್ತರ ಇತ್ತು?”

“ನನ್ನ ಎದೆಮಟ್ಟ.”

“ಕೊನೇ ಬಾಂಡ್ಲಿ ಎಲ್ಲಿ ಸುರಿದ್ರಿ?”

“ಬಾಲವಾಡಿ ಕಡೆ ತಾಯೀ...”

ನೀರು ಸೊಂಟಕ್ಕೆ ಬಂದಿತ್ತು. ಮೀಟರ್ ಕುತ್ತಿಗೆಗೆ ನೇತುಹಾಕಿಕೊಂಡೆ. ಮಕ್ಕಳ ದನಿಯ ಕಡೆ ಗೋಡೆ ಹಿಡಿದು ನಡೆದೆ. ಪ್ರೋಬ್‌ಗಳಿಗೆ ಗ್ರೀಸ್ ಸವರಿ, ಒಂದನ್ನು ಎದೆಮಟ್ಟದ ಮೇಲೆ, ಒಂದನ್ನು ಕೆಳಗೆ ಒತ್ತಿದೆ.

ಎಪ್ಪತ್ತೈದು. ಚೆನ್ನಾಗಿದೆ.

ಎಪ್ಪತ್ತೆಂಟು.

ನೂರಾ ತೊಂಬತ್ತು!

ಸುತ್ತಿಗೆಯಿಂದ ತಟ್ಟಿದೆ. ಟಣ್ ಎನ್ನಬೇಕಾದ ಗೋಡೆ ಡಬ್ ಎಂದಿತು.

ಗೀರು ಬೀಳಿಸಬಾರದೆಂಬ ನಿಯಮವನ್ನು ನೀರಿಗೆ ಬಿಟ್ಟೆ. ಸುತ್ತಿಗೆಯ ಚೂಪು ಬದಿ ತಿರುಗಿಸಿ ಹೊಡೆದೆ... ಹೊಡೆದೆ... ಪ್ಲಾಸ್ಟರ್ ಹಪ್ಪಳದ ಹಾಗೆ ಉದುರಿತು. ಹಿಂದೆ ಸಿಮೆಂಟೇ ಹಿಡಿಯದ ಬರಿ ಜಲ್ಲಿ. ಸಂದಿನಲ್ಲಿ ತುರುಕಿದ ಸಿಮೆಂಟ್ ಚೀಲದ ತುಂಡು! ಪಾಪಿ, ಗೊತ್ತಿದ್ದೇ ಮುಚ್ಚಿದ್ದಾನೆ. ತುಂಡನ್ನು ಕಿತ್ತು ಕವರಿಗೆ ತುರುಕಿದೆ.

ಬೆರಳು ಸುಲಿದವು. ನೀರು ಎದೆಗೆ ತಾಗಿತು. ಕಂಬಿಗಳ ನಡುವೆ ಕೈ ಹಾಕಿ ಜಲ್ಲಿ ಕಿತ್ತೆ, ಮತ್ತೆ ಹೊಡೆದೆ...

ಬಿಸಿಲು!

ಅಂಗೈಯಗಲದ ತೂತು. ನೀರು ಅದರೊಳಗೆ ನುಗ್ಗಿ ಹೊರಗೆ ಹಾರಿತು. ಇನ್ನು ನನ್ನ ಎದೆಯಿಂದ ಮೇಲೆ ಏರಲಿಲ್ಲ.

ಕೆಳಗೆ ಬಾಲವಾಡಿಯ ಆಯಾ ಮುನಿಲಕ್ಷ್ಮಮ್ಮ ಕಿರುಚಿದ್ದು ಚೆನ್ನಾಗಿ ಕೇಳಿತು.

“ಅಯ್ಯೋ ಕಡವುಳೇ, ದೇವ್ರೇ! ಟ್ಯಾಂಕಿ ಒಡ್ದೋಯ್ತು! ಮಕ್ಕಳ್ನ ಎತ್ಕೊಂಡು ಓಡ್ರೋ!”

“ಒಳಗೆ ನಾನಿದೀನಿ! ಮೋಟಾರ್ ನಿಲ್ಸಿ!” ತೂತಿಗೆ ಬಾಯಿಟ್ಟು ಕೂಗಿದೆ.

ಯಾರೋ ಓಡಿ ಮೋಟಾರ್ ನಿಲ್ಲಿಸಿದರು. ಮೇಲೆ ಠಣ್, ಠಣ್! ನಂಜಪ್ಪ ಕೀಗೆ ಕಾಯಲಿಲ್ಲ. ತನ್ನ ಸುತ್ತಿಗೆಯಿಂದಲೇ ಬೀಗ ಒಡೆದ. ಏಣಿ ಇಳಿಸಿ ಕೈ ಚಾಚಿದ. ನನಗೆ ಕೋಪವಿತ್ತು, ಆದರೂ ಆ ಕೈ ಹಿಡಿದೇ ಮೇಲೆ ಬಂದೆ.

ಕೆಳಗಿಳಿದಾಗ ಇಡೀ ಊರು ಸೇರಿತ್ತು. ಮಕ್ಕಳೆಲ್ಲ ದೂರದ ಹುಣಸೆಮರದ ಕೆಳಗಿದ್ದರು. ಮುರುಗೇಶ್‌ನ ಬೈಕ್ ಕೀ, ಅವನು ಓಡಿಹೋಗದ ಹಾಗೆ, ಮುನಿಲಕ್ಷ್ಮಮ್ಮನ ಸೊಂಟ ಸೇರಿತ್ತು.

“ಇವ್ಳೇ ಒಡ್ದಿದ್ದು!” ಮುರುಗೇಶ್ ಅರಚಿದ. “ಇಲ್ಲದ ತೂತು ಇವ್ಳೇ ಮಾಡಿದ್ದು! ಪ್ರೂಫ್ ಎಲ್ಲೈತೆ?”

ನಾನು ಪ್ಲಾಸ್ಟಿಕ್ ಕವರಿನಿಂದ ಅವನ ಫಾರಂ ತೆಗೆದೆ. ಸಿಮೆಂಟ್ ಚೀಲದ ತುಂಡನ್ನು ಅದಕ್ಕೆ ಪಿನ್ ಮಾಡಿದೆ. ‘ಗಟ್ಟಿಯಾಗಿದೆ’ ಎಂಬುದನ್ನು ಹೊಡೆದು ಹಾಕಿದೆ. ಕೊನೆಯಲ್ಲಿ ಒಂದು ಕಾಲಂ ಖಾಲಿ ಇತ್ತು: ದೋಷ ಬರಿಗಣ್ಣಿಗೆ ಕಾಣುತ್ತದೆಯೇ?

‘ಕಾಣುತ್ತದೆ, ದೂರದ ಬಸ್‌ಸ್ಟಾಪಿನಿಂದ’ ಎಂದು ಬರೆದು, ಪಾಪ ಅಷ್ಟು ಕೇಳಿಕೊಂಡಿದ್ದನಲ್ಲ, ಸೈನ್ ಹಾಕಿಕೊಟ್ಟೆ.