ಮೀನಿನ ತೊಟ್ಟಿಯ ಪಂಪು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕಲ್ನಾರು ಶೀಟಿನ ಕಾರ್ಖಾನೆಯ ಮ್ಯಾನೇಜರು ಠಾಣೆಗೆ ನುಗ್ಗಿದರು.

"ಕಳ್ಳತನ ಆಗಿದೆ! ಒಂದು ಜೀವಾನೂ ಹೋಗಿದೆ!"

ಇನ್‌ಸ್ಪೆಕ್ಟರು ಎದ್ದು ನಿಂತರು. "ಯಾರದು?"

"ಕೆಂಪು ಬಾಲದ್ದು."

ಇನ್‌ಸ್ಪೆಕ್ಟರು ಮತ್ತೆ ಕೂತರು. ಮ್ಯಾನೇಜರ ಕೊಠಡಿಯ ಮೀನಿನ ತೊಟ್ಟಿಗೆ ಗಾಳಿ ಊದುವ ಪಂಪು ಕಾಣೆಯಾಗಿತ್ತು. ಎಫ್‌ಐಆರ್ ದಾಖಲಾಯಿತು.

ಸ್ಥಳದಲ್ಲಿ ಹೆಡ್ ಕಾನ್ಸ್‌ಟೇಬಲ್ ಪಂಚನಾಮೆ ಓದಿದರು: "ಗಾಜಿನ ತೊಟ್ಟಿ ಒಂದು. ಬದುಕಿರುವ ಮೀನು ಆರು. ಬಾಯಿ ಬಾಯಿ ಬಿಡುತ್ತಿರುವ ಮೀನು ಆರು."

"ಒಟ್ಟು ಹನ್ನೆರಡಾ?" ಎಂದರು ಪಂಚರೊಬ್ಬರು.

"ಅವೇ ಕಣ್ರೀ ಇವು!"

ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಮ್ಯಾನೇಜರ ಬಳಿ, ಮತ್ತೆ ಕಸ ಗುಡಿಸುವಾಕೆಯ ಬಳಿ. ಮಧ್ಯಾಹ್ನ ಇನ್‌ಸ್ಪೆಕ್ಟರು ಮಹಿಳಾ ಪೇದೆಯನ್ನೂ ಕರೆದುಕೊಂಡು ಆಕೆಯ ಮನೆಗೆ ಹೋದರು. ಬಾಗಿಲಲ್ಲೇ ಗುರ್ ಗುರ್ ಸದ್ದು ಕೇಳಿಸಿತು. ಒಳಗೆ ಕೊಡದ ನೀರು ಗುಳುಗುಳು ಎನ್ನುತ್ತಿತ್ತು. ಆಕೆಯ ಗಂಡ ಕೊಡದ ಬಾಯಿಗೆ ಮೂಗು ಕೊಟ್ಟು ಕೂತಿದ್ದ.

"ಇದೇನಮ್ಮ?"

"ಪಂಪು ಸಾರ್."

"ಯಾರದು?"

"ಮೀನಿಂದು."

"ಯಾಕೆ ತಂದೆ?"

"ಅದು ಆಕ್ಸಿಜನ್ ಕೊಡುತ್ತೆ ಅಂತ ಮ್ಯಾನೇಜರು ಬಂದೋರಿಗೆಲ್ಲ ಹೇಳ್ತಿದ್ರು. ಇವರಿಗೆ ಉಸಿರೇ ಸಾಲ್ತಿಲ್ಲ ಸಾರ್. ಕಂಪನಿ ಡಾಕ್ಟ್ರು ಬೀಡಿ ಬಿಡು ಅಂತಾರೆ. ಇವರು ಸೇದಿದವರೇ ಅಲ್ಲ. ಬಿಡೋಕೆ ಮೊದ್ಲು ಶುರು ಮಾಡ್ಬೇಕಲ್ಲ!"

"ಇವರ ಕೆಲಸ ಏನಿತ್ತು?"

"ಅದೇ ಕಾರ್ಖಾನೇಲಿ ಕಲ್ನಾರಿನ ಚೀಲ ಬಿಚ್ಚಿ ಸುರಿಯೋದು. ಇಪ್ಪತ್ತೈದು ವರ್ಷ. ಮನೆಗೆ ಬಂದಾಗ ಹುಬ್ಬೆಲ್ಲ ಬೆಳ್ಳಗಿರೋದು. ಮುದುಕ ಬಂದ ಅಂತ ನಗ್ತಿದ್ದೆ."

ಪಂಪು ಜಪ್ತಿಯಾಯಿತು. ಮಹಿಳಾ ಪೇದೆ ಆಕೆಯನ್ನು ಬಂಧಿಸಿದರು.

"ನನ್ನೂ ಹಿಡೀರಿ ಸಾರ್," ಎಂದು ಗಂಡ ಗೋಡೆ ಹಿಡಿದು ಎದ್ದ. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದ. "ಕಳ್ಳಮಾಲು ಬಳಸಿದ್ದು... ನಾನು ತಾನೆ?"

ಇನ್‌ಸ್ಪೆಕ್ಟರು ಆತನನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ಎಕ್ಸ್‌ರೇ ನೋಡಿದ ವೈದ್ಯೆ, ಕಲ್ನಾರಿನ ಎಳೆಗಳು ಹೊಕ್ಕು ಶ್ವಾಸಕೋಶ ಗಟ್ಟಿಯಾಗಿದೆ, ಮೊದಲಿನಂತೆ ಮಾಡಲು ಆಗುವುದಿಲ್ಲ ಎಂದರು. ಆ ಮಾತು ಬರಹದಲ್ಲಿ ಬೇಕೆಂದು ಇನ್‌ಸ್ಪೆಕ್ಟರು ಕೇಳಿ ಪಡೆದರು. ಮ್ಯಾನೇಜರನ್ನು ಮರುದಿನ ಠಾಣೆಗೆ ಕರೆಸಿದರು, ಈ ಸಲ ದೂರುದಾರರಾಗಿ ಅಲ್ಲ.

ಸಂಜೆ ವಾರ್ಡಿನಲ್ಲಿ ಹೆಡ್ ಕಾನ್ಸ್‌ಟೇಬಲ್ ಗಂಡನ ಹೇಳಿಕೆ ಪಡೆದರು.

"ಪಂಪಿನಿಂದ ಸುಖ ಆಯ್ತಾ?"

"ಎಲ್ಲಿಯ ಸುಖ. ಆ ಸದ್ದಿಗೆ ತಲೆನೋವು."

"ಮತ್ತೆ ಮೂಗು ಇಟ್ಕೊಂಡು ಕೂತಿದ್ದು?"

"ರಾತ್ರಿಯೆಲ್ಲ ನಾನು ಕೆಮ್ಮಿದ್ರೆ ಅವಳೂ ಎದ್ದು ಕೂರ್ತಿದ್ಲು. ಪಂಪು ತಂದ ದಿನ, ಹಾಯಾಗಿದೆ ಕಣೇ ಅಂದೆ. ಅವತ್ತು ಮಲಗಿದ್ಲು ನೋಡಿ, ಗೊರಕೆ ಹೊಡ್ದು." ಆತ ಆಕ್ಸಿಜನ್ ಮಾಸ್ಕಿನೊಳಗೆ ನಕ್ಕ. "ಇದನ್ನ ಅವಳಿಗೆ ಹೇಳ್ಬೇಡಿ."

ಹೆಡ್ ಕಾನ್ಸ್‌ಟೇಬಲ್ ಅದನ್ನು ಬರೆದುಕೊಳ್ಳಲಿಲ್ಲ.