ಹದಿನೆಂಟು ಲಾರಿಗಳ ಕಾಗದ

ಈ ಕೇಸು ಬಿಡಿಸಿದ್ದು ನಾನು. ಅರ್ಧ ಸುಳ್ಳು, ಒಪ್ಪಿಕೊಳ್ಳುತ್ತೇನೆ. ಬಿಡಿಸಿದ್ದು ಇನ್‌ಸ್ಪೆಕ್ಟರು, ಆ ಐದು ದಿನ ಠಾಣೆಯ ನೆಲ ಒರೆಸಿದ್ದು ನಾನು. ನಮ್ಮ ಮನೆಯವರು ಹೋದ ಮೇಲೆ ಹಿಡಿದ ಪೊರಕೆ ಇನ್ನೂ ಬಿಟ್ಟಿಲ್ಲ. ನನ್ನ ಕಣ್ಣಿಗೆ ಬೀಳದ್ದನ್ನೆಲ್ಲ ಹೆಡ್ ಕಾನ್‌ಸ್ಟೆಬಲ್ ಹೇಳಿದ. ಅವನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಲಾರಿ ಕಂಪನಿಯ ಸಾಹುಕಾರ ಠಾಣೆಗೆ ಬಂದ. ಹಿಂದೆಯೇ ಕಡತಗಳ ಕಟ್ಟು ಹೊತ್ತ ಅವನ ಗುಮಾಸ್ತ. ಕಟ್ಟು ಆನೆ ಹೊರುವಷ್ಟಿತ್ತು, ಗುಮಾಸ್ತ ಕಡ್ಡಿಯಷ್ಟಿದ್ದ. ಅಂಗಳದಲ್ಲಿದ್ದ ಠಾಣೆಯ ಜೀಪಿನ ಗಾಜಿಗೆ ಅಂಟಿಸಿದ್ದ ಚೀಟಿಯನ್ನು ಅವನು ನಿಂತು ಓದಿದ, ಆಮೇಲೆ ಒಳಗೆ ಬಂದ.

ದೂರು ಹೀಗಿತ್ತು. ಹಿಂದಿನ ವಾರ ಕಂಪನಿಯ ಲಾರಿಯೊಂದು ರಿವರ್ಸ್ ತೆಗೆಯುವಾಗ ಗಾಜಿನಂಗಡಿಯೊಳಗೆ ನುಗ್ಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಅಂಗಡಿಯಲ್ಲಿ ಮುಖ ನೋಡಿಕೊಳ್ಳಲೂ ಒಂದು ಚೂರು ಗಾಜು ಉಳಿಯಲಿಲ್ಲ. ಪರಿಹಾರ ಕೇಳಿದರೆ, ಆ ಲಾರಿಗೆ ವಿಮೆಯೇ ಇಲ್ಲ, ಇದು ನಕಲಿ ಪತ್ರ ಎಂದಿತು ವಿಮಾ ಕಂಪನಿ.

"ಡ್ರೈವರೇ ಮಾಡಿರೋದು," ಎಂದ ಸಾಹುಕಾರ. "ಕಾಗದ ಅವನ ಗಾಡಿಯಲ್ಲೇ ಇತ್ತು."

"ಅವನಿಗೇನು ಲಾಭ?" ಎಂದರು ಇನ್‌ಸ್ಪೆಕ್ಟರು.

"ಅದನ್ನ ಕಂಡುಹಿಡಿಯೋಕೇ ಅಲ್ವಾ ನೀವಿರೋದು?"

ಎಫ್‌ಐಆರ್ ಆಯಿತು. ಸಂಜೆ ಡ್ರೈವರನ್ನು ಕರೆತಂದರು. ಮರುದಿನ ನ್ಯಾಯಾಧೀಶರ ಮುಂದೆ ನಿಲ್ಲಿಸಿ ಕಸ್ಟಡಿಗೆ ಪಡೆದರು. ಅವನಿಗೆ ಸಹಿ ಹಾಕುವುದು ಬಿಟ್ಟರೆ ಬೇರೆ ಅಕ್ಷರ ಬರದು. ಕೇಸು ಸಾಬೀತಾದರೆ ಲೈಸೆನ್ಸ್ ಹೋಗುತ್ತದೆ, ಮೇಲೆ ಜೈಲು. ಅವನ ಹೆಂಡತಿ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ.

"ಕಾಲು ಎತ್ತು ತಾಯಿ, ಒರೆಸಬೇಕು," ಎಂದೆ.

"ಅಜ್ಜಿ, ಅವರಿಗೆ ಸುಳ್ಳು ಹೇಳೋಕೂ ಬರಲ್ಲ, ಇನ್ನು ಬರೀತಾರಾ?" ಎಂದಳು.

ಇನ್‌ಸ್ಪೆಕ್ಟರಿಗೂ ಅದೇ ಅನುಮಾನ. ಆದರೆ ಪತ್ರ ನಕಲಿ ಎಂದು ವಿಮಾ ಕಂಪನಿ ಬರೆದು ಕೊಡದೆ ತನಿಖೆ ಮುಂದೆ ಹೋಗುವಂತಿರಲಿಲ್ಲ. ಬುಧವಾರ ಹನ್ನೊಂದು ಗಂಟೆಗೆ ಅಲ್ಲಿಗೆ ಹೋದರು.

"ಪಾಲಿಸಿ ನಂಬರ್ ಹೇಳಿ," ಎಂದಳು ಕೌಂಟರಿನ ಹುಡುಗಿ.

"ಇದು ನಕಲಿ ನಂಬರಮ್ಮ."

"ನಕಲಿ ಆದ್ರೆ ನಮ್ಮಲ್ಲಿ ಇರಲ್ಲ ಸರ್."

"ಇಲ್ಲ ಅಂತಾನೇ ಬರೆದುಕೊಡಿ."

"ಇಲ್ಲದ ಪಾಲಿಸಿಗೆ ಹೇಗೆ ಬರೆದುಕೊಡೋದು? ಅರ್ಜಿ ಹಾಕಿ. ಅರ್ಜಿಗೆ ಪಾಲಿಸಿ ನಂಬರ್ ಬೇಕು."

ಇನ್‌ಸ್ಪೆಕ್ಟರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಗುರುವಾರ ಬೆಳಿಗ್ಗೆ ಪತ್ರ ಸಿಕ್ಕಿತು, ಅದಕ್ಕೆ ಮೊಹರಿರಲಿಲ್ಲ. ಮತ್ತೆ ಹೋದರು, ಮೊಹರು ಇಟ್ಟುಕೊಂಡವನು ರಜೆ. ಸಾರಿಗೆ ಕಚೇರಿಯಲ್ಲಿ ಸರ್ವರ್ ಸತ್ತಿತ್ತು. ಠಾಣೆಗೆ ಬಂದು ಅವರು ಮೇಜಿಗೆ ಗುದ್ದಿದ ಸದ್ದಿಗೆ ನನ್ನ ಬಕೆಟ್ಟು ಒಂದಡಿ ಎಗರಿತು. ಸರಿ, ಒಂದು ಗೇಣು.

ಶುಕ್ರವಾರ ಮಧ್ಯಾಹ್ನ ಮೊಹರು ಬಿದ್ದ ಪತ್ರದೊಂದಿಗೆ ನೇರ ಕಂಪನಿಯ ಆಫೀಸಿಗೆ ಹೋದರು. ಎರಡೂವರೆಗೆ ಇಬ್ಬರು ಪಂಚರ ಮುಂದೆ ಪಂಚನಾಮೆ ಶುರು. ಗುಮಾಸ್ತ ಒಂದೊಂದೇ ಕಡತ ಬಿಚ್ಚಿ ಕೊಡುತ್ತಿದ್ದ. ಹದಿನೆಂಟು ಲಾರಿ, ಒಂದೊಂದಕ್ಕೂ ವಿಮೆ, ಗಾಡಿ ಓಡಲು ಯೋಗ್ಯ ಎನ್ನುವ ಎಫ್‌ಸಿ, ಪರ್ಮಿಟ್, ತೆರಿಗೆ, ಹೊಗೆ ತಪಾಸಣೆ. ಒಟ್ಟು ತೊಂಬತ್ತು ಕಾಗದ. ಹೆಡ್ ಕಾನ್‌ಸ್ಟೆಬಲ್ ಎಲ್ಲದರ ನಂಬರು, ಮುಗಿಯುವ ತಾರೀಕು ಬರೆದುಕೊಳ್ಳಬೇಕಿತ್ತು. ಏಳನೇ ಲಾರಿಗೆ ಅವನು ಪೆನ್ನು ಕೆಳಗಿಟ್ಟ.

"ಸರ್, ಕೈ ಬಿದ್ದುಹೋಯ್ತು. ತಾರೀಕಿನ ಕಾಲಮ್ಮಿಗೆ 'ಮೇಲಿನಂತೆ' ಅಂತ ಹಾಕ್ಲಾ?"

"ಸೋಮಾರಿ! ಒಂದೊಂದನ್ನೂ ಬರಿ."

"ಎಲ್ಲದಕ್ಕೂ ಒಂದೇ ಇದೆ ಸರ್. ನವೆಂಬರ್ ಮೂವತ್ತು."

ಇನ್‌ಸ್ಪೆಕ್ಟರು ಕಡತಗಳನ್ನು ತಮ್ಮ ಕಡೆ ಎಳೆದುಕೊಂಡರು. ಎರಡು ವರ್ಷ ಹಿಂದಿನ ಕಾಗದಗಳು ಒಂದೊಂದೂ ಒಂದೊಂದು ದಿನ ಮುಗಿಯುತ್ತಿದ್ದವು. ಈಗಿನ ತೊಂಬತ್ತೂ ನವೆಂಬರ್ ಮೂವತ್ತಕ್ಕೇ. ಒಂದು ಲಾರಿಯ ಡ್ರೈವರ್ ಉಳಿದ ಹದಿನೇಳರ ಕಾಗದ ಮುಟ್ಟಲು ಸಾಧ್ಯವಿರಲಿಲ್ಲ.

"ಇವನ್ನ ನೋಡಿಕೊಳ್ಳೋದು ಯಾರು?"

"ನಾನೊಬ್ಬನೇ," ಎಂದ ಗುಮಾಸ್ತ.

"ಎಷ್ಟು ವರ್ಷದಿಂದ?"

"ಹದಿನಾಲ್ಕು."

"ಇವಕ್ಕೆಲ್ಲ ಕಟ್ಟಬೇಕಿದ್ದ ಹಣ ಎಲ್ಲಿ ಹೋಯ್ತು?"

"ಒಂದು ಕಾಸೂ ಮುಟ್ಟಿಲ್ಲ ಸರ್. ಕಂಪನಿ ಖಾತೆ ನೋಡಿ."

"ಮತ್ಯಾಕೆ?"

ಗುಮಾಸ್ತ ಕಡತಗಳ ಅಂಚನ್ನು ಸರಿಯಾಗಿ ಜೋಡಿಸುತ್ತಾ ಮಾತಾಡಿದ. "ನಾಲ್ಕು ದಿನಕ್ಕೊಂದು ಕಾಗದ ಮುಗಿಯುತ್ತೆ ಸರ್. ಸಾಹುಕಾರರು ಸಹಿ ಹಾಕಲ್ಲ, ನಾಳೆ ಅಂತಾರೆ. ಸಹಿ ಆದ್ರೆ ಸರ್ವರ್ ಇರಲ್ಲ. ಒಂದು ಅರ್ಜಿ ನಾಲ್ಕು ಸಲ ವಾಪಸ್ ಬಂತು. ಗಾಡಿ ನಿಂತ್ರೆ ಬೈಗುಳ ನನಗೇ. ಅವತ್ತು ಒಂದು ಪತ್ರ ನಾನೇ ಮಾಡಿ ಕಳಿಸಿದೆ, ಮುಂದಿನ ವಾರ ಅಸಲಿ ಮಾಡಿಸಿದ್ರಾಯ್ತು ಅಂತ. ಯಾವ ಚೆಕ್‌ಪೋಸ್ಟಲ್ಲೂ ಹಿಡೀಲಿಲ್ಲ. ಆಮೇಲೆ... ಹೇಗೂ ತಾರೀಕು ಹಾಕೋನು ನಾನೇ. ಎಲ್ಲಕ್ಕೂ ಒಂದೇ ಹಾಕಿದೆ. ಈ ವರ್ಷ ಊಟಕ್ಕೆ ಕೂತಾಗ ಫೋನ್ ಬಂದಿಲ್ಲ ಸರ್. ನನ್ನ ಹೆಂಡತಿ, ಕೆಲಸ ಬಿಟ್ರಾ ಅಂತ ಕೇಳಿದ್ಲು."

ಮೂರು ದಿನ ಕೌಂಟರುಗಳ ಮುಂದೆ ನಿಂತು ಬಂದಿದ್ದ ಇನ್‌ಸ್ಪೆಕ್ಟರಿಗೆ ಬೈಯಲು ಬಾಯಿ ಬರಲಿಲ್ಲ. ಒಂದನ್ನು ಮಾತ್ರ ಕೇಳಿದರು.

"ಡ್ರೈವರ್ ಒಳಗಿರೋದು ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಮತ್ತೆ?"

ಗುಮಾಸ್ತ ಕಡತಗಳ ಕಟ್ಟನ್ನು ಬಿಗಿದು ಇನ್‌ಸ್ಪೆಕ್ಟರ ಮುಂದೆ ತಳ್ಳಿದ. ನಾಲ್ಕೂ ಹತ್ತಕ್ಕೆ ಬಂಧನ ದಾಖಲಾಯಿತು.

ಶನಿವಾರ ಬೆಳಿಗ್ಗೆ ಇಬ್ಬರನ್ನೂ ನ್ಯಾಯಾಲಯಕ್ಕೆ ಹೊರಡಿಸಿದರು, ಡ್ರೈವರನ್ನು ಬಿಡಿಸಲು, ಗುಮಾಸ್ತನನ್ನು ಒಪ್ಪಿಸಲು. ಅಂಗಳದಲ್ಲಿ ಇಬ್ಬರೂ ಎದುರಾದರು.

"ನಿನ್ನ ಕಾಗದ ನಂಬಿ ಗಾಡಿ ಹತ್ತುತಿದ್ದೆ ಕಣಣ್ಣ," ಎಂದ ಡ್ರೈವರ್.

ಗುಮಾಸ್ತ ತಲೆ ಎತ್ತಲಿಲ್ಲ. "ನಿನ್ನ ಲೈಸೆನ್ಸು ಬರೋ ಹದಿನೇಳಕ್ಕೆ ಮುಗಿಯುತ್ತೆ. ಮರೀಬೇಡ."

"ಈ ತಾರೀಕಾದ್ರೂ ಅಸಲಿನಾ?" ಎಂದಳು ಡ್ರೈವರನ ಹೆಂಡತಿ. ಐದು ದಿನಗಳಲ್ಲಿ ಮೊದಲ ಸಲ ಬೆಂಚಿನಿಂದ ಎದ್ದಿದ್ದಳು.

ಎಲ್ಲರೂ ಜೀಪಿನ ಹತ್ತಿರ ಬಂದರು. ಗುಮಾಸ್ತ ಗಾಜಿನ ಚೀಟಿಯ ಮುಂದೆ ಮತ್ತೆ ನಿಂತ. ಅದರ ತಾರೀಕಿನ ಮೇಲೆ ಬೆರಳಿಟ್ಟ.

"ಏನಯ್ಯಾ?" ಎಂದರು ಇನ್‌ಸ್ಪೆಕ್ಟರು.

"ಮಂಗಳವಾರಾನೇ ಹೇಳಬೇಕು ಅಂತಿದ್ದೆ ಸರ್."

ಇನ್‌ಸ್ಪೆಕ್ಟರು ಬಗ್ಗಿ ಚೀಟಿ ಓದಿದರು. ಠಾಣೆಯ ಜೀಪಿನ ವಿಮೆ ಮುಗಿದು ಮೂರು ತಿಂಗಳಾಗಿತ್ತು. ಹೆಡ್ ಕಾನ್‌ಸ್ಟೆಬಲ್ ಆಕಾಶ ನೋಡಿದ. ನಾನು ಪೊರಕೆ ಗೋಡೆಗೆ ಒರಗಿಸಿದೆ. ಈಗ ಹೇಳಿ ನೋಡೋಣ, ಅವತ್ತು ಅವರೆಲ್ಲ ನ್ಯಾಯಾಲಯಕ್ಕೆ ಹೋಗಿದ್ದು ಹೇಗೆ? ಸೋಮವಾರ ಆ ಜೀಪಿನ ಅರ್ಜಿ ಹಿಡಿದು ಕೌಂಟರಿನ ಮುಂದೆ ನಿಂತವರು ಯಾರು?