ಇಪ್ಪತ್ತಾರನೇ ತಾರೀಖಿನ ಸೀಲು

ಮೊದಲು ಮುರಿದದ್ದು ತೋರುಬೆರಳು.

ಆಮೇಲೆ ನಡುಬೆರಳು...

"ಸೀಲು ಒತ್ತೋ ಕೈ ಇದೇ ತಾನೆ?" ಗಡ್ಡದವನು ಒಂದೊಂದು ಬೆರಳಿಗೂ ಕೇಳಿ ಕೇಳಿ ಮುರಿಯುತ್ತಿದ್ದ.

ನಾನು ಕಿರುಚಿದೆ. ನಾಚಿಕೆ ಏನು ಬಂತು? ನಿಮ್ಮ ಬೆರಳು ಮುರಿದರೆ ನೀವೂ ಕಿರುಚುತ್ತೀರಿ!

ಅರಕಲಗೂಡಿನಿಂದ ಮೂರು ಮೈಲಿ ಆಚೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಕಿಟಕಿಯೇ ಇಲ್ಲದ ಎತ್ತರದ ಗೋಡೆ, ಹೊರಗಡೆ ಒಲೆ. ಒಲೆಯ ಬಾಯಿಂದ ಒಂದು ಗೇಣು ದೂರದಲ್ಲಿ ನನ್ನ ಮುಖ. ನನ್ನ ಹುಬ್ಬು ಸುಡುವ ವಾಸನೆ ನನಗೇ ಬರುತ್ತಿತ್ತು. ಆಗ ಬೆಳಿಗ್ಗೆ ಹನ್ನೊಂದು ಗಂಟೆ. ಅರವತ್ತನೇ ಇಸವಿ, ಸೆಪ್ಟೆಂಬರ್.

ನನ್ನ ಹೆಸರು ಷಡಕ್ಷರಿ. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ಲೈಬ್ರರಿಯ ಆರ್ಟ್ಸ್ ಸೆಕ್ಷನ್ ನನ್ನದು. ಸಾಹಿತ್ಯ, ಚರಿತ್ರೆ, ತತ್ವಶಾಸ್ತ್ರ, ಸಂಗೀತ... ಹದಿನೆಂಟು ಸಾವಿರ ಪುಸ್ತಕಕ್ಕೆ ನಾನೇ ಕಾವಲು. ನಗಬೇಡಿ! ಬೆಳಿಗ್ಗೆ ಐದಕ್ಕೆ ಗರಡಿಮನೆ, ಹತ್ತಕ್ಕೆ ಲೈಬ್ರರಿ. ಹಾಳೆ ಹರಿಯುವವನ ಕೈಯನ್ನು ನಾನೊಮ್ಮೆ ಹಿಡಿದರೆ ಅವನು ಆ ವರ್ಷದ ಪರೀಕ್ಷೆಯನ್ನು ಎಡಗೈಯಲ್ಲೇ ಬರೆಯಬೇಕು.

ಅವತ್ತು ಮಾತ್ರ ನಾಲ್ಕು ಜನ ನನ್ನ ಮೇಲೆ ಕೂತಿದ್ದರು.

"ಇದೇ ಏನ್ಲಾ ಆ ಚೀಟಿ?" ತಿಮ್ಮಪ್ಪ ನನ್ನ ಜೇಬಿನಿಂದ ತೆಗೆದ ಕಾರ್ಡನ್ನು ಬೆಳಕಿಗೆ ಹಿಡಿದ. ಬಿಳಿ ಪಂಚೆ, ಬಿಳಿ ಶರ್ಟು. ಆ ಕಡೆ ಎಲ್ಲಿ ಕಾಲಿಟ್ಟರೂ ಅವನದೇ ಹೊಲ.

"ಸುಡಬೇಡಿ ಗೌಡ್ರೇ! ಇರೋದು ಅದೊಂದೇ! ಅದು ಹೋದ್ರೆ ಹುಡುಗ ಸತ್ತ!"

"ಅಂಗಾದ್ರೆ ಓಗ್ಲಿ ಬುಡು."

ಕಾರ್ಡು ಒಲೆಗೆ ಬಿತ್ತು. ಭಗ್ ಎಂದಿತು. ಮುಗಿಯಿತು...

ನಾನು ಅತ್ತೆ. ಜೋರಾಗಿಯೇ ಅತ್ತೆ.

ಕತೆ ಇಷ್ಟು, ಕೇಳಿ. ತಿಮ್ಮಪ್ಪನ ಅಣ್ಣ ಚನ್ನಪ್ಪನನ್ನು ಮಾರ್ಚ್ ಹನ್ನೊಂದನೇ ತಾರೀಖು ಸಂಜೆ ಯಾರೋ ಮಚ್ಚಿನಲ್ಲಿ ಕಡಿದರು. ಹೆಣ ಸಿಕ್ಕಿದ್ದು ಹದಿಮೂರರ ಬೆಳಿಗ್ಗೆ, ಹೊಲದ ಬಾವಿಯ ಹತ್ತಿರ. ಹೆಣದ ಪಕ್ಕದಲ್ಲಿ ರಕ್ತ ಮೆತ್ತಿದ ಒಂದು ಪುಸ್ತಕ. ತರ್ಕಶಾಸ್ತ್ರ! ನಮ್ಮ ಲೈಬ್ರರಿಯದು. ಒಯ್ದಿದ್ದವನು ದೇವಯ್ಯ, ಎಂ.ಎ. ಓದುತ್ತಿದ್ದ ಹುಡುಗ, ಅದೇ ಊರಿನ ಹೊಲಗೇರಿಯವನು. ಬಾವಿ ನೀರಿನ ವಿಷಯಕ್ಕೆ ಚನ್ನಪ್ಪನ ಜೊತೆ ಜಗಳ ಆಡಿದ್ದ. "ಅನ್ನೊಂದ್ನೇ ತಾರೀಕು ಮುಸ್ಸಂಜೇಲಿ ಅವ್ನು ಕಂಕುಳಲ್ಲಿ ಬುಕ್ಕಿಟ್ಕಂಡು ಬಾವಿ ಕಡೀಕ್ ಓದ" ಎಂದು ತಿಮ್ಮಪ್ಪ ಹೇಳಿಕೆ ಕೊಟ್ಟ. ಸಾಕಲ್ಲ! ಹುಡುಗನನ್ನು ಒಳಗೆ ಹಾಕಿದರು.

"ನಾನು ಆ ಪುಸ್ತಕ ತಗೊಂಡು ಮೈಸೂರಿಂದ ಊರಿಗೆ ಬಂದಿದ್ದೇ ಹನ್ನೆರಡಕ್ಕೆ" ಎಂದು ದೇವಯ್ಯ ಬಡಿದುಕೊಂಡ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇದು ಯಾವುದೂ ಗೊತ್ತಿಲ್ಲದ ನಾನು ಪುಸ್ತಕ ವಾಪಸ್ ಕೊಡಿ ಎಂದು ಅವನ ಮನೆಗೆ ಮೂರು ರಿಮೈಂಡರ್ ಹಾಕಿದ್ದೆ! ಮೂರನೆಯದನ್ನು ಅವನ ತಾಯಿ ಬೆಟ್ಟಮ್ಮ ಸೆರಗಿನಲ್ಲಿ ಕಟ್ಟಿಕೊಂಡು ಹಾಸನದ ಲಾಯರ್ ಪ್ರೇಮಕುಮಾರಿಯವರ ಹತ್ತಿರ ಹೋದಳು. ಅವರು ನನಗೆ ಕಾಗದ ಬರೆದರು. ಒಯ್ದ ಪುಸ್ತಕಗಳ ಕಾರ್ಡು ಇಡುವ ಟ್ರೇ ಹುಡುಕಿದೆ. ಕಾರ್ಡು ಸಿಕ್ಕಿತು. ಕೊಟ್ಟ ದಿನ ಮಾರ್ಚ್ ಹನ್ನೆರಡು, ಪಕ್ಕದಲ್ಲಿ ದೇವಯ್ಯನ ಸಹಿ.

"ಕಾರ್ಡು ತರುತ್ತೇನೆ" ಎಂದು ಉತ್ತರ ಬರೆದೆ. ಲಾಯರರ ಗುಮಾಸ್ತ ಅದನ್ನು ಓದಿ ತಿಮ್ಮಪ್ಪನಿಗೆ ಊದಿದ. ಬೆಳಿಗ್ಗೆ ಮೈಸೂರಿನ ರೈಲು ಹೊಳೆನರಸೀಪುರದಲ್ಲಿ ನಿಂತಾಗ ಕಾಫಿಗೆ ಇಳಿದೆ ನೋಡಿ... ಬೆನ್ನಿಗೆ ಚೂರಿ, ತಲೆಗೆ ಗೋಣಿಚೀಲ, ಜೀಪು!

ಕೇಸು ಹಾಸನದಲ್ಲಿ, ಮಧ್ಯಾಹ್ನ ಮೂರು ಗಂಟೆಗಿತ್ತು.

"ಒಳಕ್ ಆಕ್ರುಲಾ ಇವ್ನ" ಎಂದ ತಿಮ್ಮಪ್ಪ. "ಮೂರ್ ದಿನ ಬಾಗ್ಲು ತೆಗೀಬ್ಯಾಡಿ. ಸೊಪ್ಪಿನ್ ಜತೇಲೆ ಇವ್ನೂ ಬೇಯ್ಲಿ. ನಂಗೆ ಕೋರ್ಟಿಗೆ ಒತ್ತಾಯ್ತು."

ಇಬ್ಬರನ್ನು ಕಾರಿಗೆ ಹತ್ತಿಸಿಕೊಂಡು ಹೊರಟ. ಉಳಿದವರು ಚನ್ನರಾಯಪಟ್ಟಣದಿಂದ ಕರೆಸಿದ್ದ ಆ ಗಡ್ಡದವನು, ಮತ್ತೊಬ್ಬ ಕುಳ್ಳ. ನನ್ನನ್ನು ಒಳಕ್ಕೆ ಎಸೆದರು. ಚಿಲಕ ಬಿತ್ತು.

ಕತ್ತಲು. ತಲೆಯ ಮೇಲೆ ಸಾಲುಸಾಲು ಹೊಗೆಸೊಪ್ಪು. ನೆಲದ ಮೇಲೆ ಕಾದ ತಗಡಿನ ಕೊಳವೆ. ಅದರ ಮೇಲೇ ಬಿದ್ದೆ. ಶರ್ಟು ಬೆನ್ನಿಗೆ ಅಂಟಿಕೊಂಡಿತು. ಎಳೆದರೆ ಚರ್ಮವೂ ಬಂತು! ಉಸಿರು ಎಳೆದರೆ ಗಂಟಲಲ್ಲಿ ಕೆಂಡ. ಒಂದು ಗಂಟೆಯೋ, ಒಂದೂವರೆ ಗಂಟೆಯೋ... ಬಾಗಿಲ ಸಂದಿಗೆ ಮೂಗಿಟ್ಟು ಬಿದ್ದುಕೊಂಡಿದ್ದೆ. ಸತ್ತೆ ಅಂದುಕೊಂಡೆ.

ಚಿಲಕ ಸರಿಯಿತು.

"ಸಾ... ಎದ್ದೇಳಿ ಸಾ! ಬ್ಯಾಗ!"

ಮುದುಕ. ಮೈಯೆಲ್ಲ ಮಸಿ. ಒಲೆಗೆ ಸೌದೆ ಹಾಕುವ ಆಳು.

"ಯಾರು ನೀನು?"

"ಚಿಕ್ಕಯ್ಯ ಅಂತ ಸಾ. ಆಮ್ಯಾಕ್ ಏಳ್ತೀನಿ. ಓಡಿ!"

ಹತ್ತು ಹೆಜ್ಜೆ ಹಾಕಿರಲಿಲ್ಲ, ಗಡ್ಡದವನು ಅಡ್ಡ ಬಂದ. ಕೈಯಲ್ಲಿ ಮಚ್ಚು.

"ಬೆಂದಿಲ್ವೇನ್ಲಾ ಇನ್ನೂ?"

ಬೀಸಿದ. ಬಗ್ಗಿದೆ. ಗರಡಿಯಲ್ಲಿ ಕಲಿತದ್ದು ಸುಮ್ಮನೆ ಹೋಗುತ್ತದೆಯೇ? ಅವನ ತಲೆ ನನ್ನ ಎಡ ಕಂಕುಳಿಗೆ ಸಿಕ್ಕಿತು. ಹಾಗೇ ತಿರುಗಿಸಿ ಒಲೆಯ ಕಬ್ಬಿಣದ ಬಾಗಿಲಿಗೆ ಅವನ ಮುಖ ಒತ್ತಿದೆ. ಚುರ್ ಎಂದಿತು! ಅವನು ಕೂಗಿದ ಕೂಗು ಇವತ್ತಿಗೂ ಕಿವಿಯಲ್ಲಿದೆ. ನನಗೆ ಒಂದಿಷ್ಟೂ ಮರುಕ ಬರಲಿಲ್ಲ. ನನ್ನ ಎರಡು ಬೆರಳಿಗೆ ಅವನ ಒಂದು ಕೆನ್ನೆ, ಸರಿಹೋಯಿತು.

ರಾಗಿ ಹೊಲದಲ್ಲಿ ಬಿದ್ದು ಎದ್ದು ಓಡಿದೆವು. ಹಿಂದೆ ಜೀಪಿನ ಸದ್ದು. ರಸ್ತೆಯಲ್ಲಿ ಹಾಸನದ ಮಾರ್ಕೆಟ್ಟಿಗೆ ಹೊರಟಿದ್ದ ಆಲೂಗೆಡ್ಡೆ ಲಾರಿ, ಏರಿನಲ್ಲಿ ಏದುಸಿರು ಬಿಡುತ್ತಾ ನಿಧಾನಕ್ಕೆ ಹತ್ತುತ್ತಿತ್ತು. ಚಿಕ್ಕಯ್ಯ ಹಾರಿ ಹಿಡಿದ. ನನ್ನ ಎಡಗೈ ಹಿಡಿದು ಎಳೆದುಕೊಂಡ.

ಜೀಪು ಲಾರಿಯ ಹಿಂಭಾಗಕ್ಕೆ ತಾಗುವಷ್ಟು ಹತ್ತಿರ ಬಂತು. ಸ್ಟೀರಿಂಗ್ ಹಿಡಿದವನು ಗಡ್ಡದವನು. ಅರ್ಧ ಮುಖ ಸುಟ್ಟಿತ್ತು! ಕುಳ್ಳ ಬಾನೆಟ್ ಮೇಲಿಂದ ಜಿಗಿದು ನಮ್ಮ ಮೂಟೆಗಳ ಮೇಲೆ ಬಿದ್ದ.

ಮಚ್ಚು ನನ್ನ ಭುಜಕ್ಕೆ ಕಚ್ಚಿತು. ಬಿಸಿಬಿಸಿ ರಕ್ತ. ಮೊಣಕಾಲಿನಲ್ಲಿ ಅವನ ಹೊಟ್ಟೆಗೆ ಕೊಟ್ಟೆ. ಬಗ್ಗಿದ. ಹಣೆಯಲ್ಲಿ ಅವನ ಮೂಗಿಗೆ ಗುದ್ದಿದೆ. ಲಟಕ್! ರಸ್ತೆಗೆ ಉರುಳಿ ಹೋದ.

"ಮೂಟೆ ತಳ್ಳು ಚಿಕ್ಕಯ್ಯ!"

ಒಂದು ಮೂಟೆ... ಎರಡು... ಮೂರನೆಯದು ಒಡೆದು ರಸ್ತೆಯ ತುಂಬ ಆಲೂಗೆಡ್ಡೆ ಉರುಳಾಡಿತು. ಜೀಪು ಜಾರಿತು, ತಿರುಗಿತು, ಮೋರಿಯ ಗೋಡೆಗೆ ಹೊಡೆದು ಬೋರಲಾಯಿತು. ಆಮೇಲೆ ಆ ಕಡೆಯಿಂದ ಸದ್ದೇ ಇಲ್ಲ.

ಚಿಕ್ಕಯ್ಯ ಟವೆಲ್ಲಿನಲ್ಲಿ ನನ್ನ ಭುಜ ಬಿಗಿದ.

"ಸಾ... ಆ ಬುಕ್ಕು ಕದ್ದು ತಂದ್ಕೊಟ್ಟೋನು ನಾನೇ ಕಣ್ ಸಾ."

"ಏನಂದೆ?"

"ದೇವಯ್ಯ ನಮ್ಮಕ್ಕ ಬೆಟ್ಟಮ್ಮನ್ ಮಗ. ಅನ್ನೆರಡ್ನೇ ತಾರೀಕು ರಾತ್ರಿ ಗೌಡ್ರು ನನ್ ಮಗಳ ಕುತ್ಗೆ ಮ್ಯಾಲೆ ಮಚ್ಚಿಟ್ಟು, ಓಗಿ ಅವ್ನ ಬುಕ್ಕೊಂದ ತತ್ತಾ ಅಂದ್ರು. ಅಕ್ಕನ ಮನೇಲಿ ಮೂರಿದ್ದೊ. ಓದಕ್ ಬರಾಕಿಲ್ವಲ್ಲ ನಂಗೆ... ಮ್ಯಾಲಿದ್ದುದ್ನ ಎತ್ಕಂಡು ಬಂದ್ಬುಟ್ಟೆ." ಮುದುಕ ಮುಖ ಮುಚ್ಚಿಕೊಂಡು ಬಿಕ್ಕಿದ. "ಆರ್ ತಿಂಗ್ಳಿಂದ ಅಕ್ಕನ್ ಮುಖ ನೋಡಿಲ್ಲ ಸಾ."

"ಮೇಲಿದ್ದದ್ದಾ? ನಿಜವಾಗ್ಲೂ ಮೇಲಿದ್ದದ್ದಾ?"

ನಾನು ನಕ್ಕೆ. ಭುಜದಿಂದ ರಕ್ತ ಸುರಿಯುತ್ತಿತ್ತು, ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ!

"ಯಾಕ್ ಸಾ? ಚೀಟಿ ಸುಟ್ಟೋಯ್ತಲ್ಲ!"

"ಸುಡಲಿ ಬಿಡಪ್ಪ! ಅದೊಂದೇ ಸಾಕ್ಷಿ ಅಂತ ಅತ್ತೆನಲ್ಲ, ಅದು ನಾಟಕ. ಬೆರಳಿನ ನೋವು ಮಾತ್ರ ನಿಜ. ಕೆಳಗಿದ್ದ ಎರಡು ಪುಸ್ತಕ ನಿನ್ನ ಅಳಿಯ ಒಂದನೇ ತಾರೀಖೇ ಒಯ್ದಿದ್ದ. ಅವುಗಳಲ್ಲಿ ಒಂದನ್ನು ನೀನು ಎತ್ತಿದ್ದರೆ ಅವನಿಗೆ ಹಗ್ಗವೇ ಗತಿ. ನೀನು ಎತ್ತಿದ್ದು ಹೊಸದು. ಅದರ ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ನನ್ನ ಸೀಲಿದೆ."

"ಅದೆಲ್ಲೈತೆ ಈಗ?"

"ಕೋರ್ಟಿನ ಬೀರುವಿನಲ್ಲಿ. ನಿಮ್ಮ ಗೌಡ್ರೇ ಇಡಿಸಿದ್ದಾರೆ!"

ಮೂರೂಕಾಲು ಗಂಟೆಗೆ ನಾನು ಕೋರ್ಟ್ ಹಾಲಿನೊಳಗೆ ಕಾಲಿಟ್ಟೆ. ಹರಿದ ಶರ್ಟು, ಸುಟ್ಟ ಹುಬ್ಬು, ಹಿಂದೆ ರಕ್ತದ ಹನಿ. ಮುಂದಿನ ಬೆಂಚಿನಲ್ಲಿದ್ದ ತಿಮ್ಮಪ್ಪ ದೆವ್ವ ಕಂಡವನ ಹಾಗೆ ಬಾಯಿ ಬಿಟ್ಟ.

"ಯಾರಿದು?" ಎಂದರು ಜಡ್ಜು.

"ನನ್ನ ಸಾಕ್ಷಿ, ಸ್ವಾಮಿ" ಎಂದರು ಪ್ರೇಮಕುಮಾರಿ. "ಲೈಬ್ರೇರಿಯನ್."

ಸರ್ಕಾರಿ ವಕೀಲರು ಎದ್ದರು. "ಕಾರ್ಡು ಎಲ್ಲಪ್ಪ?"

"ಸುಟ್ಟುಬಿಟ್ಟರು."

"ಹಾಗಾದರೆ ನಿಮ್ಮ ಹತ್ತಿರ ಏನೂ ಇಲ್ಲ!"

"ನನ್ನ ಹತ್ತಿರ ಇಲ್ಲ. ನಿಮ್ಮ ಹತ್ತಿರ ಇದೆ. ಪುಸ್ತಕ ತೆಗೀರಿ, ಹಿಂದಿನ ರಟ್ಟು ನೋಡಿ."

ಅರಗಿನ ಮುದ್ರೆ ಒಡೆದರು. ಪುಸ್ತಕ ಜಡ್ಜ್ ಕೈಗೆ ಹೋಯಿತು. ಅವರು ಕನ್ನಡಕ ಸರಿಮಾಡಿಕೊಂಡರು.

"ಇನ್ಸ್‌ಪೆಕ್ಟರ್, ಇದು ನಿಮಗೆ ಸಿಕ್ಕಿದ್ದು ಯಾವತ್ತು?"

"ಮಾರ್ಚ್ ಹದಿಮೂರು, ಸ್ವಾಮಿ."

"ಇಲ್ಲಿ ಮಾರ್ಚ್ ಇಪ್ಪತ್ತಾರು ಅಂತ ಸೀಲಿದೆ. ಇನ್ನೂ ಬಾರದ ತಾರೀಖು ಹೇಗೆ ಬಂತು?"

"ಲೈಬ್ರರಿ ಸೀಲು ಕೆಟ್ಟಿರಬೇಕು ಅಂದ್ಕೊಂಡೆ, ಸ್ವಾಮಿ..."

ನನಗೆ ಉರಿದು ಹೋಯಿತು!

"ನನ್ನ ಸೀಲು ಕೆಡೋದಿಲ್ಲ ಸ್ವಾಮಿ! ಅದು ಕೊಟ್ಟ ದಿನ ಅಲ್ಲ, ವಾಪಸ್ ತರಬೇಕಾದ ದಿನ. ಹದಿನಾಲ್ಕು ದಿನದ ಗಡುವು ಅಂತ ಅದೇ ಚೀಟಿಯ ತಲೆಯ ಮೇಲೆ ಅಚ್ಚಾಗಿದೆ, ಓದಿ. ಇಪ್ಪತ್ತಾರರಲ್ಲಿ ಹದಿನಾಲ್ಕು ಕಳೀರಿ. ಹನ್ನೆರಡು! ಹನ್ನೊಂದರ ಸಂಜೆ ಚನ್ನಪ್ಪನವರ ಮೇಲೆ ಮಚ್ಚು ಬಿದ್ದಾಗ ಈ ಪುಸ್ತಕ ಮೈಸೂರಿನಲ್ಲಿ ನನ್ನ ಕಪಾಟಿನಲ್ಲಿತ್ತು. ಅದನ್ನ ದೇವಯ್ಯನ ಕಂಕುಳಲ್ಲಿ ನೋಡಿದೆ ಅಂತ ಹೇಳಿದವರು ಯಾರು, ಕೇಳಿ!"

ಜಡ್ಜು ತಲೆಯೆತ್ತಿ ತಿಮ್ಮಪ್ಪನನ್ನು ನೋಡಿದರು.

ಹಿಂದಿನಿಂದ ಒಂದು ಧ್ವನಿ. "ಸಾಮೀ... ಬುಕ್ಕು ತಂದ್ಕೊಟ್ಟೋನು ನಾನು. ತರ್ಸಿದ್ದು ತಿಮ್ಮಪ್ಪ ಗೌಡ್ರು. ನನ್ನ ಏನ್ ಬೇಕಾರೂ ಮಾಡಿ."

ತಿಮ್ಮಪ್ಪ ಬಾಗಿಲಿಗೆ ಓಡಿದ. ನಾನು ಕಾಲು ಅಡ್ಡ ಕೊಟ್ಟೆ. ಮಕಾಡೆ ಬಿದ್ದ. ಬೆನ್ನ ಮೇಲೆ ಮಂಡಿಯೂರಿ ಅವನ ಬಲಗೈಯನ್ನು ಹಿಂದಕ್ಕೆ ತಿರುಚಿದೆ. ಮೂಳೆ ಸದ್ದು ಮಾಡುವವರೆಗೂ...

"ಗಲಾಟೆ ಮಾಡಬಾರದು ಗೌಡ್ರೇ" ಎಂದೆ. ಲೈಬ್ರರಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು.

ಹೊರಗೆ ಜಗಲಿಯಲ್ಲಿ ಬೆಟ್ಟಮ್ಮ ನನ್ನ ಮುರಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಅತ್ತಳು. ಪ್ರಾಣ ಹೋಗುವಷ್ಟು ನೋಯುತ್ತಿತ್ತು. ಕೈ ಮಾತ್ರ ಎಳೆದುಕೊಳ್ಳಲಿಲ್ಲ.

ಹೊಲದ ಆಸೆಗೆ ಅಣ್ಣನನ್ನು ಕಡಿದ ತಿಮ್ಮಪ್ಪ ಒಳಗೆ ಹೋದ. ಡಿಸೆಂಬರಿನಲ್ಲಿ ಕೋರ್ಟಿನವರು ಪುಸ್ತಕ ಬಿಟ್ಟುಕೊಟ್ಟರು. ತಂದವನು ದೇವಯ್ಯನೇ. ಮೈ ಅರ್ಧ ಆಗಿತ್ತು. ನನ್ನ ಕೌಂಟರಿನ ಮೇಲೆ ಮೆಲ್ಲಗೆ ಇಟ್ಟ. ರಟ್ಟಿನ ಮೇಲೆ ಒಣಗಿದ ಕಂದು ಕಲೆ.

"ವಾಪಸ್ಸಾ?"

"ಇಲ್ಲ ಸಾರ್... ಇನ್ನೊಂದ್ಸಲ ಬೇಕು. ಒಂದು ಸಂಜೆ ಮಾತ್ರ ಇತ್ತು ನನ್ನ ಹತ್ರ. ಪೀಠಿಕೇನೂ ಮುಗಿದಿರಲಿಲ್ಲ."

ನಾನು ಅವನ ಮುಖವನ್ನೇ ನೋಡಿದೆ. ಪುಸ್ತಕದ ಹಿಂದಿನ ರಟ್ಟು ತೆರೆದೆ. ಕನಿಕರ ತೋರಿಸಿಕೊಳ್ಳುವ ಜಾತಿಯಲ್ಲ ನಾನು.

"ಹದಿನಾಲ್ಕು ದಿನ! ಹದಿನೈದನೇ ದಿನ ತಂದರೆ ನಿನ್ನ ಬೆರಳು ಮುರೀತೀನಿ."

"ಸರಿ ಸಾರ್."

ಬಲಗೈಯ ಎರಡು ಬೆರಳು ಇವತ್ತಿಗೂ ಬಾಗುವುದಿಲ್ಲ. ಎಡಗೈಯಲ್ಲಿ ಸೀಲು ಎತ್ತಿ ಒತ್ತಿದೆ.

ಸೊಟ್ಟಗೆ ಬಿತ್ತು.

ತಾರೀಖು ಮಾತ್ರ ಸರಿಯಾಗಿತ್ತು.